ಮಕ್ಕಳಿಗಿಂತ ಮೊದಲು ಪೊಸಡಿ ಗುಂಪೆಗೆ

ಫೆಬ್ರವರಿಯ ಎರಡನೇ ಶನಿವಾರ ಬೆಳಗ್ಗೆ 6.30ಕ್ಕೆ ತಮ್ಮನ ಜತೆ ಕಾಸರಗೋಡು ಜಿಲ್ಲೆಯ ಧರ್ಮತ್ತಡ್ಕದಲ್ಲಿ ಇಳಿದೆ. ಮುಂದಿನ ವಾರ ನನ್ನ ಏಳನೇ ಕ್ಲಾಸಿನ 26 ಮಕ್ಕಳನ್ನು ಇಲ್ಲಿನ ಪೊಸಡಿ ಗುಂಪೆ ಗುಡ್ಡೆ ಹತ್ತಿಸಬೇಕು. ಮೊದಲೇ ಹೋಗಿ ದಾರಿ ನೋಡದೆ ಕರಕೊಂಡು ಹೋಗಲು ನನಗೆ ಧೈರ್ಯ ಸಾಲದು. ಜೀಪು ನೆತ್ತಿಯ ಹತ್ತಿರದವರೆಗೂ ಹೋಗುತ್ತದೆ. ಆದರೂ ಬುಡದಿಂದಲೇ ನಡೆಸುತ್ತೇನೆ.

ಗೇರುಮರಗಳ ಎಡೆಯಲ್ಲಿ ಹತ್ತುವಷ್ಟು ಹೊತ್ತು ಹಿತವಾಗಿತ್ತು. ಹೂವಿನ ಪರಿಮಳ, ಇಬ್ಬನಿಗೆ ಒದ್ದೆಯಾದ ತರಗೆಲೆ. ಮರಗಳು ಮುಗಿದ ಮೇಲೆ ಬರೀ ಮುಳಿಹುಲ್ಲು, ಕರಿಗಟ್ಟಿದ ಮುರಕಲ್ಲಿನ ಪಾದೆ, ಅಂದರೆ ಬೋಳು ಬಂಡೆಹಾಸು. ಮಳೆಗಾಲದಲ್ಲಿ ಇದೇ ಪಾದೆಯ ಗುಂಡಿಗಳಲ್ಲಿ ನೀರು ನಿಂತು, ಸುತ್ತ ಪುಟ್ಟ ನೀಲಿ ಹೂಗಳು ಹಾಸಿರುತ್ತವೆ. ಈಗ ಹಾವಸೆಯೂ ಒಣಗಿ ಚಕ್ಕೆ ಏಳುತ್ತಿದೆ. ಹುಲ್ಲಿನ ಮುಳ್ಳುಬೀಜ ಸೀರೆಯಂಚಿಗೆಲ್ಲ ಹೊಲಿದುಕೊಂಡಿತು. ಮಕ್ಕಳಿಗೆ ಉದ್ದ ಪ್ಯಾಂಟು ಹೇಳಬೇಕು.

"ಅಕ್ಕ, ಒಂದು ಬೀಡಿತುಂಡು ಸಾಕು, ಗುಡ್ಡೆಯೇ ಹೊತ್ತಿಕೊಳ್ಳುತ್ತದೆ" ಎಂದ ತಮ್ಮ. ಮೇಲೆ ಚಹಾ ಕಾಯಿಸುವ ಆಸೆ ಮಕ್ಕಳಿಗಿತ್ತು. ಅದನ್ನು ಅಲ್ಲಿಯೇ ಕೈಬಿಟ್ಟೆ. ಅವಲಕ್ಕಿ, ಬಾಳೆಹಣ್ಣು ಕಟ್ಟಿಕೊಂಡರೆ ಸಾಕು.

ನೆತ್ತಿಯಲ್ಲಿ ಪಡುವಣಕ್ಕೆ ಕಡಲು ತೆಳು ಗೆರೆಯಾಗಿ ಕಂಡಿತು. ಕುದುರೆಮುಖದ ದಿಕ್ಕು ಮಂಜಿನಲ್ಲಿತ್ತು. 9 ಗಂಟೆಗೆ ಪಾದೆಯ ಮೇಲೆ ಅಂಗೈ ಇಟ್ಟು ನೋಡಿದೆ, ಆಗಲೇ ಬಿಸಿ. ನೆರಳೆಂಬುದು ಒಂದಂಗೈ ಅಗಲವೂ ಇಲ್ಲ. 8ಕ್ಕೆ ಮೇಲೆ ಮುಟ್ಟಿ 8.45ಕ್ಕೆ ಇಳಿಯಲು ಹೊರಡಲೇಬೇಕು.

ಇಳಿಯುವಾಗ ಬೇರೆ ದಾರಿ ಹಿಡಿದು ಒಂದು ಅಡಿಕೆ ತೋಟಕ್ಕೆ ಬಂದೆವು. ಅಲ್ಲಿತ್ತು ಸುರಂಗ! ಗುಡ್ಡೆಗೆ ಅಡ್ಡಡ್ಡಲಾಗಿ ಕೊರೆದದ್ದು, ಒಬ್ಬರು ಬಗ್ಗಿ ಹೋಗುವಷ್ಟು ಅಗಲ. ಮುರಕಲ್ಲಿನ ತೂತುಗಳಲ್ಲಿ ಇಂಗಿದ ಮಳೆನೀರು ಒಳಗೆ ಒಸರಿ, ಪಂಪು ಇಲ್ಲದೆ, ತಾನಾಗಿ ಹೊರಗೆ ಹರಿದು ಬರುತ್ತದೆ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಸಣ್ಣ ಧಾರೆ, ಕೆಳಗೆ ಕೆರೆ. ಮೇಲೆ ಕಾದ ಪಾದೆಯನ್ನು ಮುಟ್ಟಿ ಬಂದ ಕೈಯನ್ನೇ ಆ ನೀರಿಗೆ ಒಡ್ಡಿದೆ. ಎಷ್ಟು ತಣ್ಣಗಿತ್ತು! ಇದನ್ನು ಪಾಠಪುಸ್ತಕ ಹಿಡಿದು ಹೇಗೆ ಹೇಳಲಿ? ಹಾಗಾಗಿ ದಾರಿ ಗಟ್ಟಿಯಾಯಿತು: ಮೊದಲು ಪಾದೆ, ಆಮೇಲೆ ಸುರಂಗ. ಹಿಂದುಮುಂದಾಗಬಾರದು.

ತೋಟದ ಮನೆಯ ಅಜ್ಜಿ ನೀರು, ಬೆಲ್ಲ ತಂದಿಟ್ಟರು. ಮಕ್ಕಳನ್ನು ಕರಕೊಂಡು ಬರಲೇ ಎಂದು ಕೇಳಿದೆ.

"ಬರಲಿ ಟೀಚರೇ. ಬಾವಲಿಗಳುಂಟು, ಒಳಗೆ ಹೋಗುವುದು ಬೇಡ. ಬಾಯಲ್ಲೇ ನಿಂತು ನೋಡಲಿ" ಎಂದರು. ಮನೆಯೊಳಗೆ ಹೋಗುತ್ತಿದ್ದ ಅಜ್ಜಿ ತಿರುಗಿ ನಿಂತು ಕೇಳಿದರು, "ಎಷ್ಟು ಮಕ್ಕಳು ಹೇಳಿದಿರಿ? ಬೆಲ್ಲ ತರಿಸಿಡಬೇಕಲ್ಲ."