ಗುಣಪಡಿಸಲು ಬಂದವರ ಮೇಲೇ ಜಗಳವೇಕೆ?

ಕ್ರಾನಿಕ್ ಫಟೀಗ್ ಸಿಂಡ್ರೋಮ್ (ಹೆಸರಿನ ಅರ್ಥ 'ದೀರ್ಘಕಾಲದ ಸುಸ್ತು') ಎಂಬ ಕಾಯಿಲೆಯ ಬಗ್ಗೆ ಮಾತು ತೆಗೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. "ವ್ಯಾಯಾಮ ಮಾಡಿದರೆ ವಾಸಿಯಾಗುತ್ತದೆ ಅಂತ ಡಾಕ್ಟರುಗಳು ಪ್ರಯೋಗ ಮಾಡಿ ತೋರಿಸಿದರಂತೆ. ಅವರ ಮೇಲೇ ರೋಗಿಗಳು ಜಗಳಕ್ಕೆ ಬಿದ್ದರಲ್ಲ, ಯಾಕೆ? ಮನಸ್ಸಿನ ಕಾಯಿಲೆ ಅನ್ನಿಸಿಕೊಳ್ಳಲು ನಾಚಿಕೆ, ಅಲ್ಲವೇ?" ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಅದು ತಪ್ಪು ಉತ್ತರ. ಜಗಳದ ಬಹುಪಾಲು ಒಂದು ಸಂಖ್ಯೆಯದು: 60.

ಆ ಪ್ರಯೋಗದ ಹೆಸರು ಪೇಸ್. ನಡೆದದ್ದು ಬ್ರಿಟನ್ನಿನಲ್ಲಿ, 641 ರೋಗಿಗಳ ಮೇಲೆ. 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದಾಳುಗಳು ಪೀಟರ್ ವೈಟ್, ಮೈಕೆಲ್ ಶಾರ್ಪ್ ಮತ್ತು ಟ್ರೂಡಿ ಚಾಲ್ಡರ್. ಅವರ ವಾದ ಇದು: ರೋಗಿ ಚಟುವಟಿಕೆಗೆ ಹೆದರಿ ಮಲಗುತ್ತಾನೆ, ಮಲಗಿದ್ದರಿಂದ ಇನ್ನಷ್ಟು ಸೊರಗುತ್ತಾನೆ. ಭಯ ಬಿಡಿಸುವ ಮಾತಿನ ಚಿಕಿತ್ಸೆ, ಇಲ್ಲವೇ ಹಂತಹಂತವಾಗಿ ಏರಿಸುವ ವ್ಯಾಯಾಮ ಕೊಟ್ಟರೆ ಈ ಸುತ್ತು ಮುರಿಯುತ್ತದೆ. ಈ ಎರಡರಲ್ಲೂ ಶೇ. 30ರಷ್ಟು ಮಂದಿ 'ಸಾಮಾನ್ಯ ಮಟ್ಟ'ಕ್ಕೆ ಬಂದರು ಎಂದು ಪ್ರಬಂಧ ಹೇಳಿತು. ಅದೇ ಸಂಚಿಕೆಯ ವ್ಯಾಖ್ಯಾನವೊಂದು ಇದನ್ನು ಕಟ್ಟುನಿಟ್ಟಾದ ಅಳತೆಯಲ್ಲಿ ಕಂಡ ಚೇತರಿಕೆ ಎಂದೇ ಕರೆಯಿತು. ಮೊದಲ ಓದಿನಲ್ಲಿ ನಾನೂ ನಂಬಿದೆ. ನಂಬದಿರಲು ಕಾರಣವೇ ಕಂಡಿರಲಿಲ್ಲ.

ಕಾರಣ ಕಂಡದ್ದು ರೋಗಿಗಳಿಗೆ. ಹಾಸಿಗೆಯಲ್ಲಿ ಮಲಗಿಕೊಂಡೇ, ದಿನಕ್ಕೆ ನಾಲ್ಕಾರು ಸಾಲಿನಂತೆ, ಅವರು ಆ ಪ್ರಬಂಧವನ್ನು ಓದಿದರು. ನೂರು ಅಂಕದ ಒಂದು ಪ್ರಶ್ನಾವಳಿ ಇತ್ತು: ಮೆಟ್ಟಿಲು ಹತ್ತಬಲ್ಲಿರಾ, ಚೀಲ ಎತ್ತಬಲ್ಲಿರಾ, ಸ್ನಾನ ಮಾಡಬಲ್ಲಿರಾ ಎಂಬಂಥವು. ಪ್ರಯೋಗಕ್ಕೆ ಸೇರಬೇಕಾದರೆ 65 ಅಥವಾ ಅದಕ್ಕಿಂತ ಕಡಿಮೆ ಅಂಕ ಇರಬೇಕು, ಅಂದರೆ ಅಷ್ಟು ಕಾಯಿಲೆ ಇರಬೇಕು. 'ಸಾಮಾನ್ಯ ಮಟ್ಟ' ಅನ್ನಿಸಿಕೊಳ್ಳಲು ಬೇಕಾದದ್ದು 60. ಮತ್ತೊಮ್ಮೆ ಓದಿ. 65 ಅಂಕದ ರೋಗಿ ಒಂದು ವರ್ಷದಲ್ಲಿ 60ಕ್ಕೆ ಇಳಿದರೂ ಈ ಅಳತೆಯಲ್ಲಿ ಸಾಮಾನ್ಯನೇ! ಎರಡು ಮುಖ್ಯ ಅಳತೆಗಳಲ್ಲಿ (ಇನ್ನೊಂದು ಸುಸ್ತಿನದು) ಒಂದರಲ್ಲಾದರೂ ಶೇ. 13ರಷ್ಟು ಮಂದಿ ಸೇರಿದ ದಿನವೇ 'ಸಾಮಾನ್ಯ'ರಾಗಿದ್ದರು.

ಈ 60 ಎಲ್ಲಿಂದ ಬಂತು? ಜನಸಾಮಾನ್ಯರ ಸರಾಸರಿ 84, ಅದರಲ್ಲಿ ಒಂದು ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 24 ಕಳೆದರೆ 60. ಲೆಕ್ಕವೇನೋ ಸರಿ, ಆದರೆ ಆ ಲೆಕ್ಕ ಹಾಕಬೇಕಾದ ಜಾಗ ಇದಲ್ಲ. ಹೆಚ್ಚಿನ ಆರೋಗ್ಯವಂತರು ನೂರರ ಹತ್ತಿರವೇ ಗುಂಪುಗೂಡಿರುತ್ತಾರೆ. ಸರಾಸರಿಯನ್ನು ಕೆಳಗೆ ಜಗ್ಗುವವರು ಮುದುಕರು ಮತ್ತು ಬೇರೆ ಬೇರೆ ಕಾಯಿಲೆಯವರು. ಪ್ರಯೋಗಕ್ಕೆ ಮೊದಲು ಬರೆದ ಯೋಜನೆಯಲ್ಲಿ ಚೇತರಿಕೆಗೆ 85 ಬೇಕೆಂದಿತ್ತು. ದತ್ತಾಂಶ ನೋಡುವ ಮೊದಲೇ ಅಳತೆ ಬದಲಿಸಿದೆವು ಎಂಬುದು ಸಂಶೋಧಕರ ಸಮರ್ಥನೆ. ಇರಬಹುದು. ಆದರೆ ಚಿಕಿತ್ಸೆ ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತು, ಕೊಡುವವರಿಗೂ ಗೊತ್ತು. ಲಕ್ಷಣಗಳ ಕಡೆ ಗಮನ ಕೊಡಬೇಡಿ ಎಂದು ತಿಂಗಳುಗಟ್ಟಲೆ ಹೇಳಿಕೊಟ್ಟು, ಕೊನೆಗೆ ಲಕ್ಷಣ ಹೇಗಿದೆ ಎಂದು ಕೇಳುವುದು ಎಂಥ ಅಳತೆ? ನಿಜವಾಗಿ ಎಷ್ಟು ಓಡಾಡಿದರು ಎಂದು ಎಣಿಸುವ ಯಂತ್ರವನ್ನು ಆರಂಭದಲ್ಲಿ ಕಟ್ಟಿದರು, ಕೊನೆಯಲ್ಲಿ ಕಟ್ಟಲಿಲ್ಲ. ಆರು ನಿಮಿಷದ ನಡಿಗೆಯಲ್ಲಿ ವ್ಯಾಯಾಮದ ಗುಂಪು ವರ್ಷದ ಕೊನೆಗೆ 379 ಮೀಟರ್ ನಡೆಯಿತು. ಮಾಮೂಲಿ ವೈದ್ಯಕೀಯ ಆರೈಕೆ ಮಾತ್ರ ಪಡೆದ ಗುಂಪು 348.

2014ರಲ್ಲಿ ಆಸ್ಟ್ರೇಲಿಯಾದ ಒಬ್ಬ ರೋಗಿ ಮಾಹಿತಿ ಹಕ್ಕಿನ ಕಾನೂನಿನಡಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಿಂದ ಪೇಸ್‌ನ ದತ್ತಾಂಶ ಕೇಳಿದರು. ವಿಶ್ವವಿದ್ಯಾಲಯ ಕೊಡಲಿಲ್ಲ. 2015ರಲ್ಲಿ ಮಾಹಿತಿ ಆಯುಕ್ತರು ಕೊಡಿ ಎಂದರು. ಅದರ ಮೇಲೂ ಮೇಲ್ಮನವಿ. 2016ರಲ್ಲಿ ನ್ಯಾಯಮಂಡಳಿ ರೋಗಿಯ ಪರ ತೀರ್ಪು ಕೊಟ್ಟಿತು. ಮೂಲ ಯೋಜನೆಯ ಅಳತೆಯಲ್ಲೇ ಮತ್ತೆ ಎಣಿಸಿದಾಗ, 2013ರ ಇನ್ನೊಂದು ಪ್ರಬಂಧದಲ್ಲಿ ಶೇ. 22 ಎಂದು ಪ್ರಕಟವಾಗಿದ್ದ ಚೇತರಿಕೆ ಮಾತಿನ ಚಿಕಿತ್ಸೆಯಲ್ಲಿ ಶೇ. 7ಕ್ಕೆ, ವ್ಯಾಯಾಮದಲ್ಲಿ ಶೇ. 4ಕ್ಕೆ ಕುಸಿಯಿತು. ಮಾಮೂಲಿ ಆರೈಕೆಯಲ್ಲೇ ಶೇ. 3 ಇತ್ತು.

"ರೋಗಿಗಳು ಸಂಶೋಧಕರನ್ನು ಬೆದರಿಸಿದರಂತಲ್ಲ?" ಇದು ಮುಂದಿನ ಪ್ರಶ್ನೆ. ಈ ಕ್ಷೇತ್ರದ ಕೆಲವರಿಗೆ ಹೊಲಸು ಪತ್ರಗಳು ಬಂದಿವೆ; ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಆ ಮಾತನ್ನೇ ದತ್ತಾಂಶ ಮುಚ್ಚಿಡಲು ಬಳಸಿದಾಗ ನ್ಯಾಯಮಂಡಳಿ ಸಾಕ್ಷ್ಯ ಕೇಳಿತು. ಅದರ ಮುಂದೆ ಬಂದದ್ದು ಒಂದು ಸೆಮಿನಾರಿನಲ್ಲಿ ಯಾರೋ ಚಾಲ್ಡರ್ ಅವರ ಮಾತಿನ ಮಧ್ಯೆ ಕೂಗಿದ ಸಂಗತಿ, ಅಷ್ಟೇ.

ಇನ್ನು ಆ ನಾಚಿಕೆಯ ಮಾತು. ಅದಕ್ಕೆ ಈ ಕಾಯಿಲೆಯ ಚರಿತ್ರೆ ನೋಡಬೇಕು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸುಮಾರು ಮುನ್ನೂರು ಮಂದಿ, ಹೆಚ್ಚಿನವರು ಅಲ್ಲಿಯದೇ ಸಿಬ್ಬಂದಿ, ಹಠಾತ್ತನೆ ಕಾಯಿಲೆ ಬಿದ್ದರು. ಹದಿನೈದು ವರ್ಷದ ಮೇಲೆ ಇಬ್ಬರು ಮನೋವೈದ್ಯರು, ಒಬ್ಬ ರೋಗಿಯನ್ನೂ ಪರೀಕ್ಷಿಸದೆ ಹಳೆಯ ಕಡತ ತಿರುವಿ, ಅದು ಸಾಮೂಹಿಕ ಉನ್ಮಾದ ಎಂದು ಬರೆದರು. ಹೆಂಗಸರೇ ಹೆಚ್ಚಾಗಿದ್ದರು ಎಂಬುದು ಅವರ ಒಂದು ಆಧಾರ. ಇಂಥ ಚರಿತ್ರೆ ಇರುವ ಕಾಯಿಲೆಗೆ ಕೊನೆಗೆ ಸಿಕ್ಕ ಹೆಸರಾದರೂ ಎಂಥದ್ದು? ಸುಸ್ತು! ಸುಸ್ತು ಅಂದೊಡನೆ "ನನಗೂ ಸುಸ್ತು" ಅನ್ನದವರು ಯಾರಿದ್ದಾರೆ? ಮೈಗಳ್ಳತನ ಎಂಬ ಮಾತು ಅಲ್ಲಿಂದ ಒಂದೇ ಹೆಜ್ಜೆ. ಈ ಕಾಯಿಲೆಯ ಗುರುತು ಸುಸ್ತಲ್ಲ. ಇವತ್ತು ಮಿತಿ ಮೀರಿದರೆ ಪೆಟ್ಟು ಬೀಳುವುದು ನಾಳೆಯೋ ನಾಡಿದ್ದೋ, ಕೆಲವೊಮ್ಮೆ ವಾರಗಟ್ಟಲೆ. ಇಂಥವರಿಗೆ ವ್ಯಾಯಾಮ ಏರಿಸುತ್ತಾ ಹೋಗಿ ಎಂದರೆ ಏನಾಗುತ್ತದೆ ಎಂಬುದನ್ನು ರೋಗಿಗಳು ದಶಕಗಳಿಂದ ಹೇಳುತ್ತಲೇ ಇದ್ದರು.

ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2007ರಲ್ಲಿ ಶಿಫಾರಸು ಮಾಡಿದ್ದ ಆ ವ್ಯಾಯಾಮ ಕ್ರಮವನ್ನು 2021ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ಆಗಸ್ಟ್‌ನಲ್ಲೇ ಬರಬೇಕಿದ್ದ ಹೊಸ ಮಾರ್ಗಸೂಚಿ ವೈದ್ಯರ ಸಂಘಗಳ ವಿರೋಧದಿಂದ ತಡವಾಯಿತು. ಮಾತಿನ ಚಿಕಿತ್ಸೆ ಉಳಿದಿದೆ, ಆದರೆ ಕಾಯಿಲೆಯೊಡನೆ ಬದುಕಲು ಆಸರೆಯಾಗಿ, ಮದ್ದಾಗಿ ಅಲ್ಲ. ಪೇಸ್ ಸಂಶೋಧಕರು ತಮ್ಮ ತೀರ್ಮಾನವನ್ನು ಇಂದಿಗೂ ಬಿಟ್ಟಿಲ್ಲ.

ಈಚಿನ ಡಿಕೋಡ್‌ಎಂಇ ಎಂಬ ಅಧ್ಯಯನವನ್ನು ರೋಗಿಗಳೂ ವಿಜ್ಞಾನಿಗಳೂ ಕೂತು ರೂಪಿಸಿದರು. 15,000ಕ್ಕೂ ಹೆಚ್ಚು ರೋಗಿಗಳ ಡಿಎನ್ಎ ನೋಡಿ, ಕಾಯಿಲೆಗೆ ನಂಟಿರುವ ಎಂಟು ಜಾಗಗಳನ್ನು 2025ರಲ್ಲಿ ಗುರುತಿಸಿದ್ದಾರೆ. ಅದರಿಂದ ಮದ್ದು ಬರಲು ಇನ್ನೂ ದೂರ ಇದೆ. ಪೇಸ್‌ಗೆ ಸೇರಬೇಕಾದವರು ಕ್ಲಿನಿಕ್ಕಿಗೆ ಬರಬೇಕಿತ್ತು. ಇಲ್ಲಿ ಮಂಚದಿಂದ ಏಳಲಾಗದವರೂ ಕೊಳವೆಯಲ್ಲಿ ಎಂಜಲು ಹಾಕಿ ಅಂಚೆಯಲ್ಲಿ ಕಳಿಸಿದರು.