ಹಿಮ ಕರಗಿಸುವ ಕೆಲಸ ನನ್ನದು

ಒಂದು ಪಾತ್ರೆ ತುಂಬ ಹಿಮ ತುಂಬಿ ಸ್ಟವ್ ಮೇಲಿಟ್ಟರೆ ಎಷ್ಟು ನೀರು ಸಿಗಬಹುದು ಹೇಳಿ? ತಳ ಮುಚ್ಚುವಷ್ಟು. ಮೊದಲ ಸಂಜೆ ನನಗೆ ಅದೂ ಸಿಗಲಿಲ್ಲ. ಪುಡಿಪುಡಿ ಹಿಮವನ್ನು ಒತ್ತಿ ಒತ್ತಿ ತುಂಬಿ, ಉರಿ ಜೋರು ಮಾಡಿ, ಏನೋ ಸಾಧಿಸಿದವಳ ಹಾಗೆ ಕೂತಿದ್ದೆ. ತಳದ ಹಿಮ ಕರಗಿತು. ಕರಗಿದ ನೀರನ್ನು ಮೇಲಿನ ಹಿಮ ಹೀರಿಕೊಂಡಿತು. ಬರಿದಾದ ತಳ ಸೀದುಹೋಯಿತು. ಹಿಮವೂ ಸೀಯುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ನಾವು ಕುಡಿದದ್ದು, ಉಂಡದ್ದು ಎಲ್ಲದರಲ್ಲೂ ಸೀದ ವಾಸನೆ.

ಪಾತ್ರೆಯಲ್ಲಿ ಮೊದಲು ಒಂದು ಲೋಟ ನೀರಿರಬೇಕು. ಅದು ಬಿಸಿಯಾದ ಮೇಲೆ ಹಿಮವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಆ ಒಂದು ಲೋಟ ನೀರನ್ನು ಹಿಂದಿನ ದಿನವೇ ಉಳಿಸಿಟ್ಟುಕೊಳ್ಳಬೇಕು. ಗೈಡ್ ಇದನ್ನು ಬೆಳಿಗ್ಗೆಯೇ ಹೇಳಿದ್ದರಂತೆ. ನಾನು ಆಗ ಸ್ಕೀಯ ಪಟ್ಟಿ ಕಟ್ಟಿಕೊಳ್ಳುವುದರಲ್ಲಿ ಮುಳುಗಿದ್ದೆ.

ಹಿನ್ನೆಲೆ ಇಷ್ಟು. ನಾವು ನಾಲ್ವರು ಅಂಟಾರ್ಕ್ಟಿಕಾದ ಹರ್ಕ್ಯುಲಿಸ್ ಇನ್ಲೆಟ್‌ನಿಂದ ದಕ್ಷಿಣ ಧ್ರುವದವರೆಗೆ ಸ್ಕೀ ಮೇಲೆ ಹೋಗಬೇಕು ಅಂತ ಹೊರಟಿದ್ದೇವೆ. 1,100 ಕಿಲೋಮೀಟರಿಗಿಂತ ಜಾಸ್ತಿ ದೂರ, ಸುಮಾರು 50 ದಿನ. ಊಟ, ಇಂಧನ, ಟೆಂಟ್ ಎಲ್ಲ ನಮ್ಮ ಹಿಂದೆಯೇ ಜಾರುಬಂಡಿಯಲ್ಲಿ. ಅದಕ್ಕೂ ಮೊದಲು ನಾರ್ವೆಯ ಫಿನ್ಸೆಯಲ್ಲಿ ಎಂಟು ದಿನದ ತರಬೇತಿ. ನನ್ನ ಟೆಂಟಿನಲ್ಲಿ ಹಳೆಯ ಗೆಳತಿ. ಇನ್ನೊಂದು ಟೆಂಟಿನಲ್ಲಿ ಉಳಿದಿಬ್ಬರು. ಗೈಡ್‌ಗೆ ಅವರದೇ ಪುಟ್ಟ ಟೆಂಟ್.

ಫಿನ್ಸೆ ವಿಚಿತ್ರ ಜಾಗ. ಬರ್ಗೆನ್ ರೈಲು ಮಾರ್ಗದ ಅತಿ ಎತ್ತರದ ನಿಲ್ದಾಣ ಇದು, 1,222 ಮೀಟರ್. ಕಾರಿನಲ್ಲಿ ಬರೋಣ ಅಂದರೆ ರಸ್ತೆಯೇ ಇಲ್ಲ. ಒಂದು ಮರವೂ ಇಲ್ಲ. ರೈಲಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಹೆಪ್ಪುಗಟ್ಟಿದ ಸರೋವರ, ಅದರಾಚೆ ಹಾರ್ಡಂಗರ್ ಹಿಮನದಿ. 1914ರಲ್ಲಿ ಧ್ರುವ ಪ್ರದೇಶಗಳ ಅನ್ವೇಷಕ ಶ್ಯಾಕಲ್ಟನ್ ಅಂಟಾರ್ಕ್ಟಿಕಾಕ್ಕೆ ಹೊರಡುವ ಮೊದಲು ತನ್ನ ಮೋಟಾರು ಜಾರುಬಂಡಿಗಳನ್ನು ಓಡಿಸಿ ನೋಡಿದ್ದು ಇಲ್ಲೇ. ಮೋಟಾರಂತೆ! ನಮ್ಮ ಮೋಟಾರು ನಾವೇ. ಮನೆಯಲ್ಲಿ ಆರು ತಿಂಗಳು ಸೊಂಟಕ್ಕೆ ಲಾರಿ ಟಯರ್ ಕಟ್ಟಿಕೊಂಡು ಎಳೆದಿದ್ದೆವು. ಹಾಗಾಗಿ ಎಳೆಯುವುದು ಕಷ್ಟ ಅಂತ ಒಂದು ದಿನವೂ ಅನಿಸಲಿಲ್ಲ. ಇಲ್ಲಿ ನನ್ನನ್ನು ಅಳಿಸಿದ್ದು ಬೇರೆಯೇ. ಜಿಪ್ಪು, ಮುಚ್ಚಳ, ಗಂಟು, ಬಕಲ್. ಬರಿಗೈಯಲ್ಲಾದರೆ ಎರಡು ಸೆಕೆಂಡಿನ ಕೆಲಸ, ದಪ್ಪ ಗ್ಲೌಸಿನಲ್ಲಿ ಎರಡು ನಿಮಿಷ.

ನಡಿಗೆಯ ಬಗ್ಗೆ ಹೇಳುವುದು ಕಡಿಮೆ. 50 ನಿಮಿಷ ನಡೆಯುವುದು, 10 ನಿಮಿಷ ನಿಲ್ಲುವುದು, ಮತ್ತೆ ಹೊರಡುವುದು. ನಿಂತ ತಕ್ಷಣ ದೊಡ್ಡ ಜಾಕೆಟ್ ಮೈಮೇಲೆ ಬೀಳಬೇಕು. ತಿನ್ನುವುದು, ಕುಡಿಯುವುದು ಎಲ್ಲ ಆಮೇಲೆ. ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಬೆಚ್ಚಗಿದ್ದರೆ ಹತ್ತೇ ನಿಮಿಷಕ್ಕೆ ಬೆವರುತ್ತೀರಿ, ಒಳಬಟ್ಟೆ ಒದ್ದೆಯಾಗುತ್ತದೆ, ನಿಂತಾಗ ಆ ಒದ್ದೆಯೇ ಮೈ ಕೊರೆಯುತ್ತದೆ. ಬೆವರದ ಹಾಗೆ ಭಾರ ಎಳೆಯಿರಿ ಅನ್ನುತ್ತಾರೆ ಗೈಡ್. ಹೇಗೆ ಅಂದರೆ, ನಿಧಾನಕ್ಕೆ. ನನಗೆ ಟಯರ್ ಅಭ್ಯಾಸದಿಂದ ಬಂದ ಕೆಟ್ಟ ಚಟ ಅಂದರೆ ಜೋರು.

ಪ್ರತಿ ವಿರಾಮದಲ್ಲೂ ನನಗೂ ಗೆಳತಿಗೂ ಇನ್ನೊಂದು ಕೆಲಸ ಇರುತ್ತದೆ.

"ಎಲ್ಲಿ, ಮುಖ ತೋರಿಸು."

"ಏನಿಲ್ಲ ಕಣೇ, ಚೆನ್ನಾಗಿದೀನಿ."

"ನಿನ್ನ ಕೇಳ್ಲಿಲ್ಲ, ತೋರಿಸು ಅಂದೆ."

ಮೂಗಿನ ತುದಿ, ಕೆನ್ನೆ, ಕಿವಿಯ ಅಂಚು ಬೆಳ್ಳಗೆ ಮೇಣದ ಹಾಗೆ ಕಂಡರೆ ಚರ್ಮ ಹೆಪ್ಪುಗಟ್ಟಲು ಶುರುವಾಗಿದೆ ಅಂತ ಅರ್ಥ. ಅದು ನಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಆ ಹೊತ್ತಿಗೆ ಅಲ್ಲಿ ನೋವೇ ಇರುವುದಿಲ್ಲ. ಎದುರಿಗಿರುವವರೇ ನೋಡಬೇಕು. ದಿನಕ್ಕೆ ಏಳೆಂಟು ಸಲ ಒಬ್ಬರ ಮುಖವನ್ನು ಒಬ್ಬರು ಇಷ್ಟು ಹತ್ತಿರದಿಂದ ನೋಡಿಕೊಂಡೆವು. ಅವಳ ಎಡ ಹುಬ್ಬಿನಲ್ಲಿ ಒಂದು ಸಣ್ಣ ಗಾಯದ ಗುರುತಿದೆ. ಹದಿನೈದು ವರ್ಷದ ಗೆಳೆತನದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ನಾಲ್ಕನೇ ದಿನ ಗಾಳಿ ಬಂತು. -15 ಡಿಗ್ರಿ, ಗಂಟೆಗೆ 50 ಕಿಲೋಮೀಟರ್ ಗಾಳಿ. ಲೆಕ್ಕ ಹಾಕಿದರೆ ಬರಿ ಚರ್ಮಕ್ಕೆ ಅದು -29ರ ಹಾಗೆ. ನಮ್ಮದು ಸುರಂಗದ ಆಕಾರದ ಟೆಂಟ್. ಗಾಳಿಯಲ್ಲಿ ಅದನ್ನು ಚೀಲದಿಂದ ಹೊರಗೆ ತೆಗೆಯುವ ಮೊದಲೇ ಒಂದು ತುದಿ ಜಾರುಬಂಡಿಗೆ ಕಟ್ಟಿರಬೇಕು. ಆಮೇಲೆ ಗಾಳಿ ಬರುವ ಕಡೆಗೆ ಎರಡು ಸ್ಕೀ ನೆಟ್ಟು ಹಗ್ಗ ಸಿಕ್ಕಿಸಬೇಕು. ಆಮೇಲೆ ಕೋಲು. ಕೊನೆಗೆ ಸುತ್ತಲಿನ ಅಂಚಿನ ಬಟ್ಟೆಯ ಮೇಲೆ ಸಲಿಕೆಯಿಂದ ಹಿಮ ಸುರಿಯಬೇಕು. ಈ ಕ್ರಮವನ್ನು ಮೂರು ದಿನ ಬಾಯಿಪಾಠ ಮಾಡಿದ್ದೆವು. ಕಟ್ಟಿದ್ದೂ ಆಗಿತ್ತು. ಒಂದು ಕೊಕ್ಕೆ ಮಾತ್ರ ಹಿಮ ತುಂಬಿಕೊಂಡು ತೆರೆಯಲೇ ಇಲ್ಲ. ಹಲ್ಲಲ್ಲಿ ಬಲಗೈ ಗ್ಲೌಸ್ ಎಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಕೊಕ್ಕೆ ತೆಗೆಯಲು ಕೈ ಚಾಚಿದೆ. ಕೈ ಚಾಚಿದರೆ ಕಂಕುಳು ತೆರೆಯುತ್ತದೆ ಅಲ್ವಾ?

ಗ್ಲೌಸ್ ಕೆಳಗೆ ಬೀಳಲಿಲ್ಲ. ಸೀದಾ ಅಡ್ಡಕ್ಕೆ ಹೋಯಿತು. ಹಿಮದ ಮೇಲೆ ಒಂದು ಸಲ ಪುಟಿಯಿತು, ಎರಡು ಸಲ ಪುಟಿಯಿತು, ಆಮೇಲೆ ಬಿಳಿಯೊಳಗೆ ಇಲ್ಲವಾಯಿತು. ಮಣಿಕಟ್ಟಿಗೆ ಕಟ್ಟಿಕೊಳ್ಳಲು ಒಂದು ಎಲಾಸ್ಟಿಕ್ ದಾರ ಕೊಟ್ಟಿದ್ದರು. ಚಿಕ್ಕ ಮಕ್ಕಳ ಹಾಗೆ ಕಾಣುತ್ತದೆ ಅಂತ ನಾನದನ್ನು ಮೊದಲ ದಿನವೇ ಬಿಚ್ಚಿಟ್ಟಿದ್ದೆ.

ಇನ್ನೊಂದು ಜೊತೆ ಗ್ಲೌಸ್ ಇತ್ತು. ಜಾರುಬಂಡಿಯ ತಳದಲ್ಲಿ, ಆಹಾರದ ಚೀಲದ ಕೆಳಗೆ. ಒಳಗಿನ ತೆಳು ಗ್ಲೌಸೊಂದೇ ಉಳಿದ ಕೈಯಲ್ಲಿ ಚೀಲದ ಗಂಟು ಬಿಚ್ಚಲು ಹೋದೆ. ಒಂದು ನಿಮಿಷಕ್ಕೆ ಬೆರಳು ಉರಿದವು. ಎರಡನೇ ನಿಮಿಷಕ್ಕೆ ಉರಿ ನಿಂತಿತು. ಉರಿ ನಿಂತದ್ದೇ ಹೆದರಿಕೆ ಹುಟ್ಟಿಸಿತು. ಗಂಟನ್ನು ಹಿಡಿದಿದ್ದೇನೆ ಅಂತ ಕಣ್ಣು ಹೇಳುತ್ತಿತ್ತು, ಬೆರಳು ಏನೂ ಹೇಳುತ್ತಿರಲಿಲ್ಲ. ಅವಳು ಬಂದವಳೇ ಒಂದೂ ಮಾತಾಡದೆ ತನ್ನ ಜಾಕೆಟಿನ ಜಿಪ್ ಇಳಿಸಿ, ನನ್ನ ಕೈಯನ್ನು ಎಳೆದು ಕಂಕುಳೊಳಗೆ ಇಟ್ಟುಕೊಂಡಳು. ಬೆನ್ನು ಗಾಳಿಗೆ ಕೊಟ್ಟು ಹಾಗೇ ನಿಂತಳು. ಬೆರಳಿಗೆ ರಕ್ತ ವಾಪಸ್ ಬರುವಾಗಿನ ನೋವು ಹೇಗಿತ್ತು ಅಂತ ಬರೆಯಲು ಕೂತರೆ ಬರೀ ಬೈಗುಳ ಬರುತ್ತದೆ. ಬಿಡಿ. ಜೋರಾಗಿಯೇ ಅತ್ತೆ. ಗಾಳಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ ಅನ್ನುವುದೊಂದು ಸಮಾಧಾನ.

ಆ ಸಂಜೆ ಗೈಡ್ ನಮ್ಮ ಟೆಂಟಿಗೆ ಬಂದು ನನ್ನ ಬೆರಳು ನೋಡಿದರು. ಬೈಯಲಿಲ್ಲ. ಸೂಜಿ ದಾರ ಕೊಟ್ಟರು. ಎಲಾಸ್ಟಿಕ್ಕನ್ನು ಗ್ಲೌಸಿಗೆ ಗಂಟು ಹಾಕಬೇಡ, ಹೊಲಿ ಅಂದರು. ಹೊಲಿದೆ. ಎಡಗೈಯಲ್ಲಿ. ಬಲಗೈಯ ಎರಡು ಬೆರಳ ತುದಿ ಇವತ್ತಿಗೂ ಜುಮ್ಮೆನ್ನುತ್ತದೆ, ಈ ಬರಹ ಟೈಪ್ ಮಾಡುವಾಗಲೂ.

ಟೆಂಟಿನೊಳಗಿನ ಜೀವನ ನನಗೆ ಇಷ್ಟವಾಯಿತು ಅಂತಲೇ ಹೇಳಬೇಕು. ಬಾಗಿಲ ಹತ್ತಿರ ಮೊಣಕಾಲುದ್ದದ ಗುಂಡಿ ತೋಡಿರುತ್ತೇವೆ. ತಣ್ಣನೆಯ ಗಾಳಿ ಅಲ್ಲಿ ಇಳಿಯುತ್ತದೆ, ಕಾಲು ಇಳಿಬಿಟ್ಟು ಕೂರಲೂ ಆಗುತ್ತದೆ. ಪಕ್ಕದಲ್ಲಿ ಸ್ಟವ್. ಲೈಟರನ್ನು ಮೊದಲು ಕಂಕುಳಲ್ಲಿ ಬೆಚ್ಚಗೆ ಮಾಡಬೇಕು, ಇಲ್ಲದಿದ್ದರೆ ಅದರ ಗ್ಯಾಸ್ ಏಳುವುದಿಲ್ಲ. ಸ್ಟವ್ ಎಣ್ಣೆ ಈ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಒಂದು ಹನಿ ಬೆರಳ ಮೇಲೆ ಬಿದ್ದರೂ ಚರ್ಮ ಸುಟ್ಟ ಹಾಗಾಗುತ್ತದೆ. ಮೇಲಿನ ಗಾಳಿಕಿಂಡಿ ತೆರೆದೇ ಇರಬೇಕು. ಸ್ಟವ್ ಹೊರಹಾಕುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆನೋವು ಬಂದರೆ ಸುಸ್ತು ಅಂದುಕೊಂಡು ಮಲಗಿಬಿಡುತ್ತೀರಿ. ಆಮೇಲೆ ಏಳುವುದಿಲ್ಲ.

ಇಬ್ಬರಿಗೆ ಸಂಜೆ ಊಟ, ಚಹಾ, ಮರುದಿನದ ಫ್ಲಾಸ್ಕ್ ಎಲ್ಲ ಸೇರಿ ಎಂಟು ಲೀಟರ್ ನೀರು ಬೇಕು. ಅದಕ್ಕೆ ಎರಡು ಗಂಟೆ. ಒಂದು ಕಿಲೋ ಮಂಜುಗಡ್ಡೆಯನ್ನು ಸುಮ್ನೆ ಕರಗಿಸಲು ಬೇಕಾಗುವ ಶಾಖದಲ್ಲಿ, ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಶಾಲೆಯಲ್ಲಿ ಇದನ್ನು ಗುಪ್ತೋಷ್ಣ ಅಂತ ಓದಿ ಅಂಕ ತಗೊಂಡಿದ್ದೆ. ಅದು ಎಷ್ಟು ಹೊತ್ತು ಅಂತ ಈಗ ಗೊತ್ತಾಯಿತು. ಮೇಲಿನ ಹಗುರ ಹಿಮ ಬಿಟ್ಟು ಕೆಳಗಿನ ಗಟ್ಟಿ ಹಿಮವನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಹಾಕಿದರೆ ಕೆಲಸ ಬೇಗ ಆಗುತ್ತದೆ. ಐದನೇ ದಿನದ ಹೊತ್ತಿಗೆ ನಾನು ಯಾವ ಹಿಮ ಒಳ್ಳೆಯದು ಅಂತ ಸಲಿಕೆಯ ಸದ್ದಿನಲ್ಲೇ ಹೇಳುತ್ತಿದ್ದೆ. ಜಂಬ ಅಲ್ಲ. ಸ್ವಲ್ಪ ಜಂಬವೇ.

ಮಲಗುವಾಗ ಸ್ಲೀಪಿಂಗ್ ಬ್ಯಾಗಿನೊಳಗೆ ನಾನೊಬ್ಬಳೇ ಇರುವುದಿಲ್ಲ. ಬೂಟಿನ ಒಳಪದರ, ಒದ್ದೆ ಸಾಕ್ಸ್, ಬ್ಯಾಟರಿ, ಸ್ಯಾಟಲೈಟ್ ಫೋನ್, ಸನ್‌ಸ್ಕ್ರೀನ್, ಬಿಸಿನೀರಿನ ಬಾಟಲಿ. ಮೂತ್ರಕ್ಕೂ ಒಂದು ಬಾಟಲಿ, ಅದರ ಸುತ್ತ ಮೂರು ಸುತ್ತು ಟೇಪ್. ಯಾಕೆ ಟೇಪ್ ಅಂತ ಕೇಳಬೇಡಿ, ಕತ್ತಲಲ್ಲಿ ಕೈಗೆ ವ್ಯತ್ಯಾಸ ಗೊತ್ತಾಗಬೇಕಲ್ಲ. ಆರನೇ ರಾತ್ರಿ ಸೋರಿದ್ದು ಬಿಸಿನೀರಿನ ಬಾಟಲಿ, ಪುಣ್ಯಕ್ಕೆ. ಮುಚ್ಚಳದ ಮರೆಯಲ್ಲಿ ಮಂಜಿನ ಚೂರು ಕೂತಿತ್ತು. ಬಿಗಿಯಾಗಿದೆ ಅನಿಸಿತ್ತು, ಆಗಿರಲಿಲ್ಲ. ಈಗ ಬಾಟಲಿ ತಲೆಕೆಳಗೆ ಮಾಡಿ ಹತ್ತು ಎಣಿಸಿದ ಮೇಲೇ ಒಳಗೆ ಬಿಡುತ್ತೇನೆ.

ಏಳನೇ ದಿನ ಹಿಮನದಿ ಹತ್ತಬೇಕಿತ್ತು. ನಾಲ್ಕು ದಿನದಿಂದ ಕಾಯುತ್ತಿದ್ದೆ. ಬೆಳಿಗ್ಗೆ ಆಕಾಶ, ನೆಲ ಎರಡೂ ಒಂದೇ ಬಣ್ಣ. ವೈಟ್‌ಔಟ್. ಕಾಲ ಕೆಳಗೆ ಏರು ಇದೆಯೋ ಇಳಿಜಾರು ಇದೆಯೋ ಬಿದ್ದ ಮೇಲೇ ತಿಳಿಯುತ್ತದೆ. ಎದೆಗೆ ಕಟ್ಟಿದ ದಿಕ್ಸೂಚಿ ನೋಡಿಕೊಂಡು ಸರದಿಯ ಮೇಲೆ ಮುಂದೆ ನಡೆದೆವು. ಒಂದೂವರೆ ಗಂಟೆ ಆದ ಮೇಲೆ ಗೈಡ್ ನಿಂತರು. ವಾಪಸ್ ಅಂದರು. ನಾರ್ವೆಯಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಒಂಬತ್ತು ನಿಯಮಗಳಿವೆ. ಎಂಟನೆಯದು: ಹೊತ್ತಿಗೆ ಸರಿಯಾಗಿ ಹಿಂದಿರುಗಿ, ಅದರಲ್ಲಿ ನಾಚಿಕೆಯಿಲ್ಲ. ಅವರು ಹೇಳಿದ್ದು ನಂಬರ್ ಮಾತ್ರ. "ಎಂಟು."

ನನಗೆ ಸಿಟ್ಟು ಬಂತು. ಧ್ರುವದಲ್ಲಿ ವೈಟ್‌ಔಟ್ ಬಂದರೆ ಅಲ್ಲಿಯೂ ತಿರುಗಿ ಬರುತ್ತೇವಾ ಅಂತ ಕೇಳಿಯೇಬಿಟ್ಟೆ. ಅಲ್ಲಿ ಬಹುಪಾಲು ಬಯಲು, ಇಲ್ಲಿ ಮುಂದೆ ಬಿರುಕಿರುವ ಇಳಿಜಾರು ಅಂದರು. ಆಮೇಲೆ ನಡೆಯುತ್ತಲೇ ಅಮುಂಡ್‌ಸೆನ್‌ನ ಕಥೆ ಹೇಳಿದರು. 1896ರ ಜನವರಿಯಲ್ಲಿ ಅವನು, ಅವನ ಅಣ್ಣ ಲಿಯೊನ್ ಇಬ್ಬರೂ ಇದೇ ಹಾರ್ಡಂಗರ್ ಪ್ರಸ್ಥಭೂಮಿ ದಾಟಲು ಹೋಗಿ ದಾರಿ ತಪ್ಪಿದರು. ಒಂದು ರಾತ್ರಿ ಹಿಮದಲ್ಲೇ ಮಲಗಿದ ಅಮುಂಡ್‌ಸೆನ್ ಎಚ್ಚರಾದಾಗ ಸುತ್ತಲಿನ ಹಿಮ ಗಟ್ಟಿಯಾಗಿ ಅಲುಗಾಡಲೂ ಆಗುತ್ತಿರಲಿಲ್ಲ. ಅಣ್ಣ ಅಗೆದು ತೆಗೆದ. ಸುಮಾರು ಹದಿನಾರು ವರ್ಷ ಆದ ಮೇಲೆ, 1911ರ ಡಿಸೆಂಬರ್ 14ರಂದು, ದಕ್ಷಿಣ ಧ್ರುವಕ್ಕೆ ಎಲ್ಲರಿಗಿಂತ ಮೊದಲು ತಲುಪಿದವನು ಅವನೇ. ಕಥೆ ಕೇಳಿ ಸಿಟ್ಟು ಇಳಿಯಲಿಲ್ಲ, ನಿಜ ಹೇಳುತ್ತೇನೆ. ಟೆಂಟ್ ಹಾಕಿ ಚಹಾ ಕುಡಿದ ಮೇಲೆ ಇಳಿಯಿತು.

ಎಂಟನೇ ದಿನ ನಿಲ್ದಾಣಕ್ಕೆ ಬಂದೆವು. ರೈಲಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಬೆಂಚಿನ ಮೇಲೆ ಕೂತು ತಪ್ಪುಗಳ ಪಟ್ಟಿ ಬರೆದೆವು. ಜಿಪ್ಪುಗಳಿಗೆಲ್ಲ ಉದ್ದ ದಾರ ಕಟ್ಟಬೇಕು. ಚಾಕೊಲೇಟನ್ನು ಮನೆಯಲ್ಲೇ ಸಣ್ಣ ಚೂರು ಮಾಡಿ ತರಬೇಕು, ಅವಳ ಹಲ್ಲಿನ ಮೂಲೆ ಮುರಿದಿದೆ. ಇನ್ನೊಂದು ಜೊತೆ ಗ್ಲೌಸ್ ಜಾರುಬಂಡಿಯ ತಳದಲ್ಲಲ್ಲ, ಎದೆಯ ಹತ್ತಿರ. ಬೆಣ್ಣೆ ದಿನಕ್ಕೆ 100 ಗ್ರಾಮ್ ತಿನ್ನಲು ನನ್ನಿಂದ ಆಗದು, ಅವಳು ಆಗುತ್ತದೆ ಅನ್ನುತ್ತಾಳೆ, ಅದಿನ್ನೂ ತೀರ್ಮಾನವಾಗಿಲ್ಲ.

ಪಟ್ಟಿ ಮುಗಿಸಿ ಶೌಚಾಲಯಕ್ಕೆ ಹೋದೆ. ನಲ್ಲಿ ತಿರುಗಿಸಿದೆ. ನೀರು ಬಂತು. ಸುಮ್ನೆ ಬರುತ್ತಲೇ ಇತ್ತು. ಹೊರಗಿನಿಂದ ಅವಳು ಬಾಗಿಲು ತಟ್ಟಿದಳು, ಏನೇ, ಒಳಗೇ ಟೆಂಟ್ ಹಾಕಿದ್ಯಾ ಅಂತ.