ಊರ ತಂಡದಿಂದ ಮೇಜರ್ ಲೀಗ್‌ವರೆಗೆ: ಪ್ರಾಸ್ಪೆಕ್ಟ್‌ಗಳ ಜಾಡು ಹಿಡಿಯುವ ಬಗೆ

ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್ ತಂಡಗಳಲ್ಲಿ ಮೇಜರ್ ಲೀಗ್ ಕ್ಲಬ್‌ಗಳ ಯುವ ಆಟಗಾರರು ಪಳಗುತ್ತಾರೆ. ಅವರಲ್ಲಿ ಮೇಲೇರುವ ಭರವಸೆಯವರೇ ಪ್ರಾಸ್ಪೆಕ್ಟ್‌ಗಳು. ನಿಮ್ಮೂರ ತಂಡದಲ್ಲಿ ಆಡಿಹೋದ ಇಂಥವರನ್ನು ಹಿಂಬಾಲಿಸಲು ತಂಡದ ಹೆಸರನ್ನು ನಂಬಿ ಪಟ್ಟಿ ಮಾಡಿದರೆ ಅದು ಬೇಗ ಕೆಡುತ್ತದೆ. 2017ರಲ್ಲಿ ವ್ಲಾಡಿಮಿರ್ ಗೆರೆರೊ ಜೂನಿಯರ್, ಬೊ ಬಿಶೆಟ್ ಇಬ್ಬರೂ ಮಿಷಿಗನ್‌ನ ಲ್ಯಾನ್ಸಿಂಗ್ ಲಗ್‌ನಟ್ಸ್ ಪರ ಆಡುವಾಗ ಅದು ಟೊರೊಂಟೊ ಬ್ಲೂ ಜೇಸ್‌ಗೆ ಸೇರಿದ್ದ ತಂಡ. 2021ರಿಂದ ಅಥ್ಲೆಟಿಕ್ಸ್‌ ಪಾಲಿಗೆ ಬಂದಿದೆ. ಆರನ್ ಜಡ್ಜ್ 2014ರಲ್ಲಿ ಯಾಂಕೀಸ್ ಆಟಗಾರನಾಗಿ ಚಾರ್ಲ್ಸ್‌ಟನ್‌ನಲ್ಲಿ ಆಡಿದ. ಆ ತಂಡ ಈಗ ಟ್ಯಾಂಪಾ ಬೇ ರೇಸ್‌ನದು. ಮೂಕಿ ಬೆಟ್ಸ್ 2012ರಲ್ಲಿ ಆಡಿದ ಲೋವೆಲ್ ಸ್ಪಿನ್ನರ್ಸ್ ಅಂತೂ ಮೈನರ್ ಲೀಗ್‌ನ ವ್ಯವಸ್ಥೆಯಿಂದಲೇ ಹೊರಬಿತ್ತು. 2021ರ ಮರುಜೋಡಣೆಯಲ್ಲಿ ಪ್ರತಿ ಮೇಜರ್ ಲೀಗ್ ಕ್ಲಬ್ಬಿಗೆ ನಾಲ್ಕರಂತೆ 120 ತಂಡ ಉಳಿದವು, ಕೆಳಗಿನ ಹಂತದಿಂದ ಮೇಲಕ್ಕೆ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಇವುಗಳ ಕೆಳಗೆ ಅರಿಜೋನಾ, ಫ್ಲೋರಿಡಾಗಳ ಕಾಂಪ್ಲೆಕ್ಸ್ ಲೀಗ್‌ಗಳೂ ಡೊಮಿನಿಕನ್ ಬೇಸಿಗೆ ಲೀಗ್ ಕೂಡ ಇವೆ.

ಆದ್ದರಿಂದ ಪಟ್ಟಿಯನ್ನು ಆಟಗಾರನ ಗುರುತಿನ ಸಂಖ್ಯೆಯ ಮೇಲೆ ಕಟ್ಟಬೇಕು. ಮೇಜರ್ ಲೀಗ್‌ನ ಜಾಲತಾಣ ಎಂಎಲ್‌ಬಿ ಡಾಟ್ ಕಾಮ್‌ನಲ್ಲಿ ಆಟಗಾರನ ಪುಟ ತೆರೆದರೆ ವಿಳಾಸದ ತುದಿಯಲ್ಲಿ ಅಂಕಿಗಳು ಕಾಣುತ್ತವೆ. ಜಡ್ಜ್‌ನದು 592450, ಬೆಟ್ಸ್‌ನದು 605141. ಟ್ರೇಡ್ ಆಗಿ ಕ್ಲಬ್ ಬದಲಾಗಲಿ, ಹಂತ ಬದಲಾಗಲಿ, ಈ ಸಂಖ್ಯೆ ಬದಲಾಗದು. ಹೆಸರೊಂದನ್ನೇ ನೆಚ್ಚಿದರೆ ತೊಂದರೆ ಖಚಿತ: ಲೂಯಿಸ್ ಗಾರ್ಸಿಯಾ ಎಂಬ ಹೆಸರಿನವರು ಮೇಜರ್ ಲೀಗ್‌ನಲ್ಲೇ ಒಬ್ಬರಿಗಿಂತ ಹೆಚ್ಚು ಮಂದಿ, ವಿಲ್ ಸ್ಮಿತ್‌ಗಳು ಇಬ್ಬರು. ಸ್ಪ್ರೆಡ್‌ಶೀಟ್‌ನಲ್ಲಿ ಸಂಖ್ಯೆ, ಹೆಸರು, ಹುಟ್ಟಿದ ದಿನ, ಊರ ತಂಡದಲ್ಲಿ ಆಡಿದ ವರ್ಷ, ಈಗಿನ ಕ್ಲಬ್, ಈಗಿನ ಹಂತ, ಸ್ಥಿತಿ, ಕೊನೆಯ ಬದಲಾವಣೆಯ ದಿನಾಂಕ, ಇಷ್ಟು ಅಂಕಣ ಸಾಕು. ಅಂಕಿಅಂಶ ಅಲ್ಲಿ ತುಂಬಬೇಡಿ. ವಾರ ಕಳೆಯುವುದರೊಳಗೆ ಹಳತಾಗುತ್ತವೆ, ತಿದ್ದಿ ತಿದ್ದಿ ಬೇಸತ್ತು ಪಟ್ಟಿಯನ್ನೇ ಬಿಟ್ಟುಬಿಡುತ್ತೀರಿ.

ಯಾರನ್ನು ಸೇರಿಸಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಗಾಯದಿಂದ ಚೇತರಿಸಿಕೊಳ್ಳುವ ಮೇಜರ್ ಲೀಗ್ ಆಟಗಾರರು ರಿಹ್ಯಾಬ್‌ಗಾಗಿ ಸಿಂಗಲ್-ಎಗೂ ಬಂದು ಎರಡು ಮೂರು ಪಂದ್ಯ ಆಡಿ ಹೋಗುತ್ತಾರೆ. ಅವರೂ ರೋಸ್ಟರ್‌ನಲ್ಲಿ (ತಂಡದ ಆಟಗಾರರ ಪಟ್ಟಿಯಲ್ಲಿ) ಕಾಣಿಸುವುದರಿಂದ ಊರ ತಂಡದ ಹಳೆಯ ಅಂಕಿಅಂಶಗಳನ್ನು ಹಾಗೇ ನಕಲು ಮಾಡಿದರೆ ಪಟ್ಟಿ ಕಲಬೆರಕೆಯಾಗುತ್ತದೆ. ಬ್ಯಾಟರ್‌ಗೆ 50 ಪ್ಲೇಟ್ ಅಪಿಯರೆನ್ಸ್ (ಬ್ಯಾಟ್ ಹಿಡಿದು ನಿಂತ ಸರದಿಗಳು), ಚೆಂಡು ಎಸೆಯುವ ಪಿಚರ್‌ಗೆ 10 ಇನಿಂಗ್ಸ್ (ಮೂರು ಔಟ್‌ಗೆ ಒಂದು ಇನಿಂಗ್ಸ್) ಎಂಬ ಕನಿಷ್ಠ ಮಿತಿ ಇಟ್ಟುಕೊಂಡರೆ ಈ ಗೊಂದಲ ಬಹುಪಾಲು ತೀರುತ್ತದೆ.

ಊರಲ್ಲಿರುವುದು ಕಾಲೇಜು ಆಟಗಾರರ ಬೇಸಿಗೆ ಲೀಗ್ ತಂಡವಾದರೆ ಕೆಲಸ ಹೆಚ್ಚು, ರುಚಿಯೂ ಹೆಚ್ಚು. ಜಡ್ಜ್ 2012ರಲ್ಲಿ ಕೇಪ್ ಕಾಡ್ ಲೀಗ್‌ನ ಬ್ರೂಸ್ಟರ್ ವೈಟ್‌ಕ್ಯಾಪ್ಸ್ ಪರ ಆಡಿದ, ಮರುವರ್ಷ ಡ್ರಾಫ್ಟ್‌ನಲ್ಲಿ, ಅಂದರೆ ಮೇಜರ್ ಲೀಗ್ ಕ್ಲಬ್‌ಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಆಯ್ಕೆಯಾದ. ಆದರೆ ಡ್ರಾಫ್ಟ್ ಪಟ್ಟಿಯಲ್ಲಿ ಬರೆದಿರುವುದು ಅವನ ಕಾಲೇಜು ಫ್ರೆಸ್ನೊ ಸ್ಟೇಟ್. ಬೇಸಿಗೆ ತಂಡದ ಹೆಸರು ಅಲ್ಲಿ ಸಿಗದು. ಹಾಗಾಗಿ ಬೇಸಿಗೆಯಲ್ಲೇ ರೋಸ್ಟರ್ ಉಳಿಸಿಕೊಂಡು ಡ್ರಾಫ್ಟ್ ದಿನ ಹೆಸರು, ಕಾಲೇಜು, ಆಡುವ ಸ್ಥಾನ ಮೂರನ್ನೂ ಹೋಲಿಸಬೇಕು. ನಡುವೆ ಕಾಲೇಜು ಬದಲಿಸುವವರು ಈಗ ತುಂಬ, ಕಾಲೇಜು ತಾಳೆಯಾಗಲಿಲ್ಲವೆಂದು ಹೆಸರು ಹೊಡೆದುಹಾಕಬೇಡಿ. ನಾಲ್ಕು ವರ್ಷದ ಕಾಲೇಜಿನವರು ಸಾಮಾನ್ಯವಾಗಿ ಮೂರನೆಯ ವರ್ಷದ ಬಳಿಕ ಅಥವಾ 21 ತುಂಬಿದಾಗ ಡ್ರಾಫ್ಟ್‌ಗೆ ಅರ್ಹರು. ಅಂದರೆ ಮೊದಲ ವರ್ಷದ ಹುಡುಗನ ಸಾಲು ಎರಡು ವರ್ಷ ಖಾಲಿ ಕೂತಿರುತ್ತದೆ. ಡ್ರಾಫ್ಟ್ ಈಗ 20 ಸುತ್ತಿನದಷ್ಟೆ, 2019ರವರೆಗೆ 40 ಇತ್ತು. ಹಾಗಾಗಿ ಆಯ್ಕೆಯಾಗದೆ ನೇರ ಸಹಿ ಹಾಕುವವರನ್ನೂ ನೋಡಬೇಕು. ಅವರ ಸುದ್ದಿ ಸಿಗುವುದು ಸೇರ್ಪಡೆ, ಬಡ್ತಿ, ಬಿಡುಗಡೆಗಳನ್ನು ದಾಖಲಿಸುವ ಕ್ಲಬ್ಬಿನ ಟ್ರಾನ್ಸ್ಯಾಕ್ಷನ್ ಪುಟದಲ್ಲಿ.

ಈ ಟ್ರಾನ್ಸ್ಯಾಕ್ಷನ್ ಪುಟವನ್ನು ವಾರಕ್ಕೆರಡು ಸಲ ನೋಡಿದರೆ ಸಾಕು. ಮೈನರ್ ಲೀಗ್‌ನಲ್ಲಿ ಸೋಮವಾರ ಸಾಮಾನ್ಯವಾಗಿ ರಜೆ, ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯೊಡನೆ ಆರು ಪಂದ್ಯ. ಬಡ್ತಿ, ಹಿಂಬಡ್ತಿಗಳು ಬಹಳಷ್ಟು ಈ ರಜೆಯ ಸುತ್ತಲೇ ಆಗುವುದರಿಂದ ಮಂಗಳವಾರ ಮಧ್ಯಾಹ್ನ ಒಮ್ಮೆ, ಶುಕ್ರವಾರ ಒಮ್ಮೆ. ಸ್ಟಾರ್ಟಿಂಗ್ ಪಿಚರ್‌ಗಳು ಹೆಚ್ಚಾಗಿ ವಾರಕ್ಕೊಂದೇ ಪಂದ್ಯ ಶುರುಮಾಡುವುದು, ಆದ್ದರಿಂದ ಐದನೆಯ ದಿನ ಕಾಣದಿದ್ದರೆ ಗಾಬರಿ ಬೇಡ. ಒಂಬತ್ತು ಹತ್ತು ದಿನವಾದರೂ ಸುಳಿವಿಲ್ಲದಿದ್ದರೆ 7 ದಿನದ ಗಾಯಾಳು ಪಟ್ಟಿ ನೋಡಿ. ಡೆವಲಪ್‌ಮೆಂಟ್ ಲಿಸ್ಟ್ ಎಂದು ಬರೆದಿದ್ದರೆ ಅದು ಗಾಯವಲ್ಲ: ಆಟಗಾರ ತರಬೇತಿಯಲ್ಲಿದ್ದಾನೆ, ಪಂದ್ಯದ ರೋಸ್ಟರ್‌ನಲ್ಲಿಲ್ಲ.

ಇನ್ನು ಅಂಕಿಗಳನ್ನು ಓದುವ ಮಾತು. ಮೊದಲು ವಯಸ್ಸು, ಆಮೇಲೆ ಉಳಿದದ್ದು. ಸಿಂಗಲ್-ಎಯಲ್ಲಿ 19ರ ಹುಡುಗ .250 ಸರಾಸರಿಯಲ್ಲಿ (ನಾಲ್ಕು ಯತ್ನಕ್ಕೆ ಒಂದು ಹಿಟ್) ಹೊಡೆಯುವುದು 23ರವನು .300 ಹೊಡೆಯುವುದಕ್ಕಿಂತ ನನ್ನ ಲೆಕ್ಕದಲ್ಲಿ ದೊಡ್ಡದು. ಬ್ಯಾಟಿಂಗ್ ಸರಾಸರಿ ಒಂದು ಸೀಸನ್‌ನಲ್ಲೂ ಅದೃಷ್ಟದ ಪಾಲು ಕಳೆದುಕೊಳ್ಳುವುದಿಲ್ಲ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಪ್ರಮಾಣ ಸುಮಾರು 60 ಪ್ಲೇಟ್ ಅಪಿಯರೆನ್ಸ್‌ಗೆ, ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಸಿಗುವ ಮೊದಲ ಬೇಸ್) ಪ್ರಮಾಣ ಸುಮಾರು 120ಕ್ಕೆ ನಂಬಲು ಯೋಗ್ಯವಾಗುತ್ತದೆ. ಬೆಟ್ಸ್‌ನನ್ನೇ ನೋಡಿ. ಲೋವೆಲ್‌ನಲ್ಲಿ 19ನೇ ವಯಸ್ಸಿಗೆ 71 ಪಂದ್ಯ, ಹೋಮ್‌ರನ್ ಒಂದೂ ಇಲ್ಲ. ಆದರೆ ವಾಕ್‌ಗಳೂ ಸ್ಟ್ರೈಕ್‌ಔಟ್‌ಗಳೂ ಹೆಚ್ಚುಕಡಿಮೆ ಸಮ. ಯಾವ ಚೆಂಡಿಗೆ ಬ್ಯಾಟ್ ಬೀಸಬೇಕೆಂಬ ವಿವೇಕ ಆಗಲೇ ಇತ್ತು. ಮರುವರ್ಷ ಗ್ರೀನ್‌ವಿಲ್, ಸೇಲಮ್ ತಂಡಗಳೆರಡೂ ಸೇರಿ 15 ಹೋಮ್‌ರನ್, 2014ರ ಜೂನ್‌ನಲ್ಲಿ ಮೇಜರ್ ಲೀಗ್‌ನ ಬೋಸ್ಟನ್ ರೆಡ್ ಸಾಕ್ಸ್. ಹೋಮ್‌ರನ್ ಅಂಕಣವೊಂದನ್ನೇ ನೋಡಿದವರ ಕಣ್ಣು ತಪ್ಪಿಸಿಕೊಂಡ ಆಟಗಾರ ಅವನು.

ಪಿಚರ್‌ಗಳಲ್ಲಿ ಗೆಲುವು–ಸೋಲಿನ ಅಂಕಣ ಬಿಟ್ಟುಬಿಡಿ. ಎಸೆತಗಳ ಮಿತಿಯಿಂದಾಗಿ ಐದು ಇನಿಂಗ್ಸ್ ಮುಗಿಯುವ ಮೊದಲೇ ಹೊರಬರುವ ಸ್ಟಾರ್ಟಿಂಗ್ ಪಿಚರ್‌ಗಳಿಗೆ ಗೆಲುವು ದಕ್ಕುವುದೇ ಇಲ್ಲ. ಎದುರಿಸಿದ ಬ್ಯಾಟರ್‌ಗಳಲ್ಲಿ ಶೇಕಡಾ ಎಷ್ಟು ಸ್ಟ್ರೈಕ್‌ಔಟ್ ಎಂಬುದರಿಂದ ಶೇಕಡಾ ಎಷ್ಟು ವಾಕ್ ಎಂಬುದನ್ನು ಕಳೆಯಿರಿ. ಇಆರ್‌ಎಗಿಂತ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿಗಿಂತ) ಅದು ನಿಜ ಹೇಳುತ್ತದೆ. ಮೈದಾನವನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಲ್ಬುಕರ್ಕಿ ಸಮುದ್ರಮಟ್ಟಕ್ಕಿಂತ 5,000 ಅಡಿಗೂ ಎತ್ತರದಲ್ಲಿದೆ, ಅಲ್ಲಿನ ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ, ಕರ್ವ್ ಎಸೆತ ಕಡಿಮೆ ತಿರುಗುತ್ತದೆ. ಹೋಮ್, ಅವೇ ಬೇರೆ ಮಾಡಿ ನೋಡದೆ ಅಲ್ಲಿನ ಯಾವ ಅಂಕಿಯನ್ನೂ ಒಪ್ಪಬೇಡಿ. ಟ್ರಿಪಲ್-ಎ ಮತ್ತು ಫ್ಲೋರಿಡಾ ಸ್ಟೇಟ್ ಲೀಗ್‌ನ ಎಸೆತದ ವೇಗ, ಹೊಡೆತದ ವೇಗಗಳು ಬೇಸ್‌ಬಾಲ್ ಸ್ಯಾವಂಟ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ನವೆಂಬರ್ ಬಂದರೆ ಕ್ಲಬ್ ಬೇರೆಯವರ ಕೈಗೆ ಸಿಗದಂತೆ ಕಾಯ್ದುಕೊಳ್ಳುವ 40 ಮಂದಿಯ ರೋಸ್ಟರ್ ಮೇಲೆ ಕಣ್ಣಿಡಿ. 18 ಅಥವಾ ಅದಕ್ಕಿಂತ ಚಿಕ್ಕವನಿದ್ದಾಗ ಸಹಿ ಹಾಕಿದವನನ್ನು ಐದು ಸೀಸನ್‌ನೊಳಗೆ, 19 ಅಥವಾ ಅದಕ್ಕಿಂತ ದೊಡ್ಡವನಿದ್ದಾಗ ಸಹಿ ಹಾಕಿದವನನ್ನು ನಾಲ್ಕರೊಳಗೆ ಅದರಲ್ಲಿ ಸೇರಿಸದಿದ್ದರೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ಕ್ಲಬ್ 1 ಲಕ್ಷ ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. ಎತ್ತಿಕೊಂಡವರು ಅವನನ್ನು ಇಡೀ ಸೀಸನ್ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು, ಆಗದಿದ್ದರೆ 50,000 ಡಾಲರಿಗೆ ಹಳೆಯ ಕ್ಲಬ್ಬಿಗೆ ಮರಳಿಸಲು ಮುಂದಾಗಬೇಕು. ಕ್ಲಬ್ ತನ್ನ ಆಟಗಾರನ ಬಗ್ಗೆ ನಿಜವಾಗಿ ಏನೆಣಿಸಿದೆ ಎಂಬುದು ಪ್ರಾಸ್ಪೆಕ್ಟ್ ರ‍್ಯಾಂಕಿಂಗ್‌ಗಳಿಗಿಂತ ಈ ಒಂದು ನಿರ್ಧಾರದಲ್ಲಿ ಸ್ಪಷ್ಟ.

ಬಿಡುಗಡೆಯಾದವರ ಸಾಲನ್ನು ಅಳಿಸಬೇಡಿ. ಕ್ಲಬ್ಬೊಂದು ಅಮೆರಿಕದೊಳಗೆ ಇಟ್ಟುಕೊಳ್ಳಬಹುದಾದ ಮೈನರ್ ಲೀಗ್ ಆಟಗಾರರ ಮಿತಿ 2024ರಿಂದ 180ರ ಬದಲು 165. ಜುಲೈ ಡ್ರಾಫ್ಟ್‌ನ ಹೊಸಬರು ಬಂದಾಗ ಹಳಬರಿಗೆ ಜಾಗ ಇಲ್ಲವಾಗುತ್ತದೆ, ಮಾರ್ಚ್ ಕೊನೆಗೂ ಇದೇ ಕಥೆ. ಅವರಲ್ಲಿ ಎಷ್ಟೋ ಮಂದಿ ಮೇಜರ್ ಲೀಗ್ ಕ್ಲಬ್‌ಗಳಿಗೆ ಸೇರದ ಸ್ವತಂತ್ರ ಲೀಗ್‌ಗಳಾದ ಅಟ್ಲಾಂಟಿಕ್ ಲೀಗ್, ಅಮೆರಿಕನ್ ಅಸೋಸಿಯೇಷನ್, ಫ್ರಾಂಟಿಯರ್ ಅಥವಾ ಪಯೊನೀರ್ ಲೀಗ್‌ಗೆ ಹೋಗಿ ಆಡುತ್ತಾರೆ, ಕೆಲವರಿಗೆ ಅಲ್ಲಿಂದ ಮತ್ತೆ ಕರೆ ಬರುತ್ತದೆ. ಆ ಆಟದ ದಾಖಲೆ ಬೇಸ್‌ಬಾಲ್ ರೆಫರೆನ್ಸ್ ಜಾಲತಾಣದ ರಿಜಿಸ್ಟರ್ ಪುಟಗಳಲ್ಲಿ ಸಿಗುತ್ತದೆ. ಸ್ಥಿತಿಯ ಅಂಕಣದಲ್ಲಿ ಬಿಡುಗಡೆಯ ದಿನಾಂಕ ಬರೆದು, ಮುಂದಿನ ಎರಡು ಸೀಸನ್‌ವರೆಗೆ ತಿಂಗಳಿಗೊಮ್ಮೆ ಅಲ್ಲಿ ಹೆಸರು ಹುಡುಕಿ.